ಮೋಹದ ಗೋಡೆ

೧೯೫೬, ನನ್ನ ಮದುವೆ ಗೊತ್ತಾದ ವರ್ಷ. ಗುಂಡ್ಲುಪೇಟೆ ಹತ್ತಿರದ ಹಂಗಳ ನಮ್ಮೂರು. ಭಜನೆ ಮನೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ, ಈ ಆರನ್ನೂ ಗೋಡೆಯ ಮೇಲೆ ಬರೆಸಬೇಕೆಂದು ಹಿರಿಯರು ಚಾಮರಾಜನಗರದಿಂದ ಒಬ್ಬ ಚಿತ್ರಗಾರರನ್ನು ಕರೆಸಿದರು. ಅವರಿಗೆ ಊಟ ದಿನಕ್ಕೊಂದು ಮನೆಯಲ್ಲಿ.

ಅವರು ಉಣ್ಣುತ್ತಾ ಮನೆಯವರ ಮುಖಗಳನ್ನೇ ನೋಡುತ್ತಿದ್ದರು. ಆಮೇಲೆ ಅದೇ ಮುಖಗಳು ಗೋಡೆಯ ಮೇಲೆ ಬರುತ್ತಿದ್ದವು. ಮತ್ಸರದ ಹೆಂಗಸಿನ ಮೂಗು ಯಾರದೆಂದು ಬಾವಿಕಟ್ಟೆಯಲ್ಲಿ ದಿನವೂ ಚರ್ಚೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಷ್ಟೋ ಹೆಂಗಸರು ಮೂಗು ಮುಟ್ಟಿ ನೋಡಿಕೊಂಡರು. ನಾನೂ ನಕ್ಕಿದ್ದೆ, ನಮ್ಮ ಸರದಿ ಬರುವವರೆಗೆ.

ಮೋಹದ ಚಿತ್ರದಲ್ಲಿದ್ದವಳು ನನ್ನ ಅವ್ವ. ಬರಿದಾದ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು. ಹಿಂದಿನ ವರ್ಷ ನನ್ನ ತಮ್ಮ ಜ್ವರ ಬಂದು ತೀರಿಕೊಂಡಿದ್ದ, ಇನ್ನೂ ಮಾತು ಬಾರದ ಕೂಸು. ಬರಿ ತೊಟ್ಟಿಲು ತೂಗಬಾರದು ಅನ್ನುತ್ತಾರೆ. ಅವ್ವ ತೂಗುತ್ತಿರಲಿಲ್ಲ, ಆದರೆ ಅದನ್ನು ತೊಲೆಯಿಂದ ಇಳಿಸಲೂ ಬಿಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಉಂಡ ದಿನ ಚಿತ್ರಗಾರರು ಅದನ್ನು ನೋಡಿದ್ದರು.

ನಮ್ಮೂರಲ್ಲಿ ಮೋಹ ಅಂದರೆ ಮೋಹಿನಿ, ದಾರಿಹೋಕ ಗಂಡಸರನ್ನು ಹಿಡಿಯುವ ದೆವ್ವ. ಅಪ್ಪ ಸುಣ್ಣದ ಮಡಕೆ ಎತ್ತಿಕೊಂಡೇ ಭಜನೆ ಮನೆಗೆ ಹೋದ, ಹಿಂದೆಯೇ ನಾನೂ ಹೋದೆ.

"ನನ್ನೆಂಡ್ರನ್ನ ಮೋಯಿನಿ ಮಾಡ್ಬುಟ್ಟಲ್ಲಯ್ಯಾ. ನಾಳೆ ಉಮ್ಮತ್ತೂರಿನ ಬೀಗ್ರು ಬಂದು ಇದ ನೋಡುದ್ರೆ ನನ್ ಮಗಳ ಮದ್ವೆ ಆಯ್ತದಾ?"

"ಅದು ಆ ಮೋಹ ಅಲ್ಲ ಯಜಮಾನ್ರೆ. ಬಿಡಕ್ಕಾಗದೆ ಹಿಡ್ಕೊಂಡಿರೋದು ಅಂತ," ಅಂದರು ಚಿತ್ರಗಾರರು. ಅಪ್ಪ ಒಪ್ಪಲಿಲ್ಲ. ಹಿರಿಯರೂ ಅಳಿಸಿಬಿಡುವುದೇ ವಾಸಿ ಅಂದರು.

ಅಷ್ಟರಲ್ಲಿ ಸುದ್ದಿ ತಿಳಿದು ಅವ್ವ ಬಂದಳು. ತಮ್ಮ ಹೋದ ಮೇಲೆ ಅವಳು ಹೊರಗೆ ಬರುವುದೇ ಅಪರೂಪವಾಗಿತ್ತು. ಗೋಡೆ ನೋಡುತ್ತಾ ನಿಂತಳು. ಬಿದ್ದುಬಿಡುತ್ತಾಳೇನೋ ಎಂದು ನನಗೆ ಭಯವಾಗಿ ಅವಳ ತೋಳು ಹಿಡಿದುಕೊಂಡೆ.

"ಬರೀ ತೊಟ್ಲ ಬರೀಬ್ಯಾಡ ಕಣಪ್ಪ," ಅಂದಳು. "ಒಳಗೆ ಮಗೀನ ಬರಿ."

ಅಪ್ಪ ಮಡಕೆ ಕೆಳಗಿಟ್ಟ.

ಮಗು ಹೇಗಿತ್ತೆಂದು ಚಿತ್ರಗಾರರು ಕೇಳಿದರು. ಅಗಲ ಹಣೆ, ಗುಂಗುರು ಕೂದಲು, ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ. ಅವ್ವ ಹೇಳುತ್ತಾ ಹೋದಳು, ಅವರು ಬರೆಯುತ್ತಾ ಹೋದರು. ಮುಗಿದ ಮೇಲೆ, "ಮೋಹ ಅನ್ನೋ ಹೆಸರು ತೆಗೆದುಬಿಡ್ಲಾ ತಾಯಿ?" ಎಂದರು.

"ಇರ್ಲಿ ಬುಡಪ್ಪ. ಸುಳ್ಳೇನಲ್ವಲ್ಲ."

ಉಮ್ಮತ್ತೂರಿನ ಬೀಗರು ಬಂದರು. ಬೀಗಿತ್ತಿ ಆ ಚಿತ್ರದ ಮುಂದೆ ನಿಂತು, ಅದು ಯಾರೆಂದು ಕೇಳಿ ತಿಳಿದು, ಸೆರಗಿನಿಂದ ಕಣ್ಣೊರೆಸಿಕೊಂಡರು. ಮದುವೆ ನಿಲ್ಲಲಿಲ್ಲ.

ನಿಜ ಹೇಳಬೇಕೆಂದರೆ ಗೋಡೆಯ ಮೇಲಿನ ಮಗು ನನ್ನ ತಮ್ಮನ ಹಾಗಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಾಯಿತು. ಅವ್ವನಿಗೂ ಗೊತ್ತಾಗಿರಬೇಕು, ಸಾಯುವವರೆಗೂ ಬಾಯಿಬಿಡಲಿಲ್ಲ. ತಮ್ಮನ ಫೋಟೋ ಒಂದೂ ಇಲ್ಲ. ಈಗ ಅವನನ್ನು ನೆನೆಸಿಕೊಂಡರೆ ಕಣ್ಣ ಮುಂದೆ ಬರುವುದು ಚಿತ್ರದ ಮಗುವೇ. ನಾನೇ ಎತ್ತಿ ಆಡಿಸಿದ ಕೂಸಿನ ಮುಖ ಎಷ್ಟು ಹುಡುಕಿದರೂ ಸಿಗುವುದಿಲ್ಲ.