ನೀಲಿ ಔಷಧ ಮತ್ತು ಸುಗಲಾಬಾಯಿಯ ಕುರಿಗಳು

ಸುಗಲಾಬಾಯಿಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆಕೆಯ ನಾಲ್ಕು ಕುರಿ ಸತ್ತದ್ದು ನನ್ನಿಂದ. ಆದರೆ ನಮ್ಮ ಮನೆಯಲ್ಲಿ ಕನ್ನಡ ನೆಟ್ಟಗೆ ಬರೆಯಬಲ್ಲವನು ನಾನೊಬ್ಬನೇ. ತಮ್ಮ ಯುವರಾಜ ಓದಿದ್ದು ಮರಾಠಿ ಶಾಲೆಯಲ್ಲಿ, ಅವನ ಮಕ್ಕಳು ಇಂಗ್ಲಿಷಿನಲ್ಲಿ. ಹೀಗಾಗಿ ಈ ಕೆಲಸ ಕೈಲಾಸನ, ಅಂದರೆ ನನ್ನ, ತಲೆಗೆ ಬಂತು.

ಮಂದ್ರೂಪ ಊರಿನ ಹೊರಗೆ ನಮ್ಮದು ಹದಿನಾಲ್ಕು ಎಕರೆ ದ್ರಾಕ್ಷಿ ತೋಟ. ಅಪ್ಪನ ಕಾಲದಲ್ಲಿ ತಿನ್ನುವ ಹಣ್ಣು ಬೆಳೆಯುತ್ತಿದ್ದೆವು. ಯುವರಾಜ ನಾಸಿಕದಲ್ಲಿ ವೈನ್ ಮಾಡುವುದನ್ನು ಕಲಿತು ಬಂದ ಮೇಲೆ ತಳಿ ಬದಲಾಯಿತು. ಈಗ ಮನೆಮಂದಿಯೇ ಸೇರಿ ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನ್ ತಯಾರಿಸುತ್ತೇವೆ. ತೋಟವನ್ನು ಸಾವಯವಕ್ಕೆ ತಿರುಗಿಸುತ್ತೇನೆ, ಕಳೆ ತಿನ್ನಲಿಕ್ಕೂ ಗೊಬ್ಬರಕ್ಕೂ ಸಾಲುಗಳ ನಡುವೆ ಕುರಿ ಬಿಡುತ್ತೇನೆ ಎಂದು ಅವನು ಹೇಳಿದಾಗ ನಾನು ಊಟದ ತಾಟಿನ ಮುಂದೆಯೇ ನಕ್ಕುಬಿಟ್ಟಿದ್ದೆ.

ಹಾಗೆ ಬಂದವಳು ಸುಗಲಾಬಾಯಿ. ಕುರುಬರ ದೇವರು ಬೀರೋಬಾನ ಒಕ್ಕಲು. ಐವತ್ತು ದಾಟಿದ ವಯಸ್ಸು, ಹೆಗಲಿಗೆ ಕರಿಕಂಬಳಿ, ಹಿಂದೆ ನಲವತ್ತನಾಲ್ಕು ಕುರಿ. ಗಂಡ ಮಲ್ಲಯ್ಯ ಹಿಂಡಿನ ಮುಂದೆ ನಡೆಯುತ್ತಿದ್ದ, ಮಾತೆಲ್ಲ ಇವಳದು. ಯಾವ ಕುರಿ ಯಾವುದರ ಮಗಳು, ಯಾವುದಕ್ಕೆ ಯಾವ ಕಾಲಿನ ನೋವು ಎಂಬುದು ಬಾಯಿಪಾಠ. ನನ್ನನ್ನು "ಮಾಲಕ್ರೀ" ಎಂದೇ ಕರೆಯುತ್ತಾಳೆ, ಆದರೆ ಕರೆಯುವ ಧಾಟಿ ನೋಡಿದರೆ ಆಳು ನಾನೇ.

ಮೊದಲ ವರ್ಷವೇ ಬಳ್ಳಿಗೆ ಡಾವಣಿ ರೋಗ ಬಂತು. ಎಲೆಯ ಮೇಲೆ ಎಣ್ಣೆ ಚೆಲ್ಲಿದಂಥ ಕಲೆ, ಕೆಳಗೆ ಬಿಳಿ ಬೂಷ್ಟು. ನಾನು ಮೈಲುತುತ್ತ, ಸುಣ್ಣ ಕಲಸಿ ನೀಲಿ ಔಷಧ ಹೊಡೆದೆ. ಸಾವಯವ ತೋಟದಲ್ಲೂ ಅದಕ್ಕೆ ಅನುಮತಿ ಇದೆ. ಅನುಮತಿ ಇದೆಯಲ್ಲ, ಕುರಿಯವಳಿಗೆ ಹೇಳುವುದೇನು ಬಂತು ಎಂದು ಸುಮ್ಮನಿದ್ದೆ. ಮೈಲುತುತ್ತದಲ್ಲಿರುವ ತಾಮ್ರ ಕುರಿಗೆ ವಿಷವೆಂದು ನನಗೆ ಗೊತ್ತಿರಲಿಲ್ಲ. ಹುಲ್ಲಿನ ಮೇಲೆ ಬಿದ್ದದ್ದನ್ನು ವಾರಗಟ್ಟಲೆ ಮೇಯ್ದು ನಾಲ್ಕು ಕುರಿಗಳ ಕಣ್ಣು ಹಳದಿಯಾಯಿತು, ಉಚ್ಚೆ ಕೆಂಪಾಯಿತು, ಒಂದರ ಹಿಂದೆ ಒಂದು ಬಿದ್ದವು. ಅವಳು ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಉಳಿದ ಕುರಿಗಳನ್ನು ಹೊರಗೆ ಹೊಡೆದುಕೊಂಡು ಹೋದಳು, ಮಳೆಗಾಲ ಕಳೆದ ಮೇಲೆ ಯುವರಾಜ ಕೈಮುಗಿದು ಕರೆತಂದ. ನಾನು ಅವಳ ಎದುರಿಗೆ ಬರುವುದನ್ನೇ ಬಿಟ್ಟೆ.

ಕಳೆದ ನವೆಂಬರಿನಲ್ಲಿ ಮತ್ತೆ ಅದೇ ಗತಿ. ಅಕಾಲದ ಮಳೆ ಮೂರು ದಿನ ಜಡಿ ಹಿಡಿಯಿತು. ಕೆಳಗಿನ ಸಾಲುಗಳಲ್ಲಿ ಎಣ್ಣೆಕಲೆ ಕಾಣಿಸಿತು. ಹೊಡೆಯದೆ ಗತಿಯಿಲ್ಲ ಎಂದು ನಾನು ಪಟ್ಟು ಹಿಡಿದೆ. ಹೊಡೆದರೆ ಕೊಯ್ಲಿನವರೆಗೆ ಕುರಿ ಒಳಗೆ ಬರುವಂತಿಲ್ಲ. ಬೇರೆ ಮೇವು ಬೇಕೆಂದರೆ ಭೀಮೆಯ ದಂಡೆಯವರೆಗೆ ನಡೆಯಬೇಕು, ಮಲ್ಲಯ್ಯನೋ ಮೊಣಕಾಲಿನ ಆಪರೇಶನ್ ಆಗಿ ಮಂಚ ಹಿಡಿದಿದ್ದ.

"ಹೊಡದ್ರ ನಾ ಹಿಂಡು ಮಾರಾಕಬೇಕ ನೋಡ್ರಿ," ಎಂದಳು ಸುಗಲಾಬಾಯಿ.

ಯುವರಾಜ ತಲೆ ಕೆರೆದುಕೊಂಡ. "ಗೊಂಚಲಿನ ಸುತ್ತ ಎಲಿ ತಗದ್ರ ಗಾಳಿ ಆಡ್ತದ, ರೋಗ ಅಲ್ಲೇ ನಿಲ್ತದ ಅಕ್ಕಾ. ಆದ್ರ ಈ ಮಳ್ಯಾಗ ಆಳು ಎಲ್ಲಿಂದ ತರೂದು?"

"ಆಳು ಯಾಕ್ರೀ? ನಲವತ್ತು ಬಾಯಿ ಅದಾವಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಎಲಿ ತಿನ್ನೂ ಕುರಿ ಗೊಂಚಲು ಬಿಡ್ತಾವೇನು? ತಲಿ ನೆಟ್ಟಗದನೋ ಇಲ್ಲೋ ನಿಂದು?"

ಅವಳು ಬಟಾಣಿ ಗಾತ್ರದ ಒಂದು ಹಸಿರು ಕಾಯಿ ಕಿತ್ತು ನನ್ನ ಅಂಗೈಯಲ್ಲಿಟ್ಟಳು. "ತಿನ್ರಿ." ಕಚ್ಚಿದೆ. ಹುಳಿಗೆ, ಒಗರಿಗೆ ಕಿವಿಯವರೆಗೆ ಜುಮ್ಮೆಂದಿತು, ಉಗುಳಿದೆ.

"ನೀವ ಉಗುಳಿದ್ರಿ. ಅವು ನಿಮಗಿಂತ ಶಾಣ್ಯಾ ಅದಾವು," ಎಂದಳು. ಆಮೇಲೆ ಯುವರಾಜನ ಕಡೆ ತಿರುಗಿ, "ಗೊಂಚಲು ತಿಂದ್ರ ಅವತ್ತ ಹೋಗ್ತೀನಿ. ಮತ್ತ ಈ ತ್ವಾಟದಾಗ ಕಾಲಿಡಂಗಿಲ್ಲ," ಎಂದಳು. ಯುವರಾಜ ಒಪ್ಪಿದ.

ಮರುದಿನ ಬೆಳಿಗ್ಗೆ ಅವಳು ಕುರಿಗಳಿಗೆ ಮೊದಲು ಜೋಳದ ಕಣಕಿ ಹಾಕಿದಳು. ಎಲೆ ತಿನ್ನಲು ಕರೆತಂದವಳು ಹೊಟ್ಟೆ ಯಾಕೆ ತುಂಬಿಸುತ್ತಾಳೆ ಎಂದು ನಾನು ಕೆಣಕಿದೆ. "ಹಸಿದ ಕುರಿ ಹುಳಿ ನೋಡಂಗಿಲ್ರೀ," ಎಂದಳು. ಇಂಥ ಮಾತು ಯುವರಾಜನ ಪುಸ್ತಕದಲ್ಲಿ ಇರಲಿಕ್ಕಿಲ್ಲ. ಎಲ್ಲಕ್ಕಿಂತ ಮುಂದಿದ್ದ ಕುರಿಯ ಹಣೆಗೆ ಬೀರೋಬಾನ ಭಂಡಾರ, ಅಂದರೆ ಅರಿಸಿನ, ಹಚ್ಚಿ ಸಾಲಿಗೆ ಇಳಿಸಿದಳು. ಕುರಿಗಳು ಕತ್ತು ಚಾಚಿ ಗೊಂಚಲಿನ ಸುತ್ತಲ ಎಲೆಯನ್ನು ಹರಿದು ತಿಂದವು, ಕಾಯಿಗೆ ಮೂತಿ ತಾಗಿದರೆ ತಲೆ ಕೊಡವಿದವು. ಎಲೆ ತೆಳ್ಳಗಾದ ಕೂಡಲೇ ಅವಳು ನಾಲಿಗೆ ಲೊಚಗುಟ್ಟಿಸಿ ಮುಂದಕ್ಕೆ ಹೊಡೆಯುತ್ತಿದ್ದಳು, ಒಂದು ಗಳಿಗೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ದೂರ ನಿಂತು ಗೊಂಚಲು ಬೀಳುವುದನ್ನೇ ಕಾಯುತ್ತಿದ್ದೆ. ಐದು ದಿನದಲ್ಲಿ ಬಿದ್ದದ್ದು ಎರಡು. ಎರಡನ್ನೂ ಒಂದು ಮುದಿ ಟಗರು ಕಿತ್ತು, ತಿನ್ನದೆ ಬಿಟ್ಟಿತ್ತು. ಅವೆರಡನ್ನೂ ಅವಳೇ ತಂದು ನನ್ನ ಮುಂದೆ ಇಟ್ಟಳು.

ಮೋಡ ಹರಿಯಿತು, ಸಾಲಿನ ಈ ತುದಿಯಿಂದ ಆ ತುದಿಗೆ ಗಾಳಿ ಆಡಿತು. ಕೆಳಗಿನ ಎರಡು ಸಾಲು ಕಳೆದುಕೊಂಡೆವು, ಉಳಿದದ್ದೆಲ್ಲ ನಿಂತಿತು. ನೀಲಿ ಔಷಧದ ಡ್ರಮ್ಮು ತೆರೆಯಲೇ ಇಲ್ಲ. ಯುವರಾಜ ಔಷಧದ ಖೋಲಿಗೆ ಬೀಗ ಜಡಿದು ಕೀಲಿಯನ್ನು ಸುಗಲಾಬಾಯಿಯ ಕೈಗೆ ಕೊಡಲು ಹೋದ. "ಇನ್ನ ಮ್ಯಾಲೆ ನೀನು ಹೂಂ ಅಂದ್ರನ ಹೊಡಿಯೂದು ಅಕ್ಕಾ."

ಅವಳು ಕೈ ಚಾಚಲಿಲ್ಲ. "ಕೀಲಿ ನನಗ್ಯಾಕ್ರೀ? ಬಳ್ಳಿ ನಿಮ್ಮವು, ಬ್ಯಾನಿ ಬಂದ್ರ ಹೊಡೀಬೇಕಾಗ್ತದ. ಹೊಡಿಯೂ ಹಿಂದಿನ ದಿನಾ ನನಗೊಂದು ಮಾತು ಹೇಳ್ರಿ. ನಾ ಕೇಳೂದು ಅಷ್ಟ."

ಕೀಲಿ ಹಿಡಿದಿದ್ದವನು ಯುವರಾಜ, ಅವಳು ನೋಡುತ್ತಿದ್ದದ್ದು ನನ್ನನ್ನು. ತಮ್ಮನ ಎದುರು, ನಲವತ್ತು ಕುರಿಗಳ ಎದುರು ನಾನು ಕೈ ಜೋಡಿಸಿದೆ. "ತಪ್ಪಾತು ಅಕ್ಕಾ. ಅವತ್ತ ನಾ ಹೇಳಬೇಕಾಗಿತ್ತು," ಎಂದೆ. ನನ್ನ ಜನ್ಮದಲ್ಲಿ ಯಾರಿಗೂ ಹೇಳದ ಮಾತು.

ಸುಗಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸತ್ತ ನಾಲ್ಕು ಕುರಿಗಳಿಗಾಗಿ ಅವಳು ನನ್ನೆದುರು ಅತ್ತದ್ದು ಅದೇ ಮೊದಲು.