ಅಪ್ಪನ ರುಮಾಲಿನ ಹಸಿರು ಕಲೆ

ನಾನು ಚಿಕ್ಕವನಿದ್ದಾಗ ಇರಕಲ್ಲಗಡದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಣಬೆಯನ್ನು ಕೊಂಡು ತರುವ ಮಾತೇ ಇರಲಿಲ್ಲ. ಮಳೆ ಗುಡುಗಿ ಸುರಿದ ಮರುದಿನ ಹೊಲದ ಬದುವಿನ ಹುತ್ತದ ಮೇಲೆ ಅವು ತಾವಾಗಿಯೇ ಏಳುತ್ತಿದ್ದವು. ಕೀಳುವ ಹಕ್ಕು ಮಾತ್ರ ನಮ್ಮಕ್ಕನದು. ಆಕೆಗೆ ಆಗ ಹನ್ನೆರಡು ವರ್ಷ, ನನಗೆ ಏಳು. ತೀರಿಹೋದ ಅಜ್ಜಿ ಆಕೆಯ ಕೈ ಹಿಡಿದು ಕಲಿಸಿದ್ದಳು: ಮಣ್ಣು ಬಗೆದು ನೋಡಬೇಕು, ಅಣಬೆಯ ಬಾಲ ಹುತ್ತದೊಳಗೆ ಆಳಕ್ಕೆ ಇಳಿದಿರಬೇಕು, ಚೂರು ಸಂಶಯ ಬಂದರೂ ಬಿಟ್ಟು ಬರಬೇಕು. ನಾನು ಬುಟ್ಟಿ ಹಿಡಿಯಬೇಕು ಅಷ್ಟೇ. ಮುಟ್ಟಿದರೆ ಬೆನ್ನಿಗೆ ಗುದ್ದು!

ಆ ಮಳೆಗಾಲ ಅವ್ವ ಹೆರಿಗೆಗೆಂದು ಕುಷ್ಟಗಿಯ ತವರಿಗೆ ಹೋಗಿದ್ದಳು. ಮನೆಯ ಒಲೆ ಅಕ್ಕನ ಕೈಯಲ್ಲಿತ್ತು. ಒಂದು ಮಧ್ಯಾಹ್ನ ಅವ್ವನ ಅಣ್ಣ, ನಮ್ಮ ಮಾವ, ನಗುನಗುತ್ತ ಬಂದ. ನಮಗೆ ತಂಗಿ ಹುಟ್ಟಿದ್ದಳು. ಅಪ್ಪನ ಮುಖ ಊರಗಲ ಆಯಿತು. ಮಾವ ಹೆಗಲ ಟಾವೆಲ್ ಬಿಚ್ಚಿದ. ಒಳಗೆ ಅಂಗೈ ಅಗಲದ ಬಿಳಿ ಅಣಬೆಗಳು, ಮಳೆಮಣ್ಣಿನ ವಾಸನೆ.

"ಇವತ್ತ ಇದರ ಪಲ್ಯ ಆಗಬೇಕು ನೋಡವ್ವ, ಖಾರ ಮುಂದಿರಲಿ!" ಎಂದ.

ಅಕ್ಕ ಒಂದನ್ನು ಎತ್ತಿ, ತಿರುವಿ, ಕೆಳಗಿನ ತುದಿ ನೋಡಿದಳು. "ಮಾಮಾ, ಎಲ್ಲಿ ಕಿತ್ತೀರಿ ಇವನ್ನ?"

"ನಿಮ್ಮೂರ ತಿಪ್ಪಿ ಮಗ್ಗಲಾಗ. ಯಾಕ?"

"ಹುತ್ತ ಇಲ್ಲ, ಬಾಲ ಇಲ್ಲ. ಇವು ನನಗ ಗುರ್ತಿಲ್ಲ. ನಾ ಮಾಡಂಗಿಲ್ರಿ."

ಮಾವ ಗಹಗಹಿಸಿ ನಕ್ಕ. ವಿಷವಿದ್ದರೆ ಜೊತೆಗೆ ಬೇಯಿಸಿದ ಬೆಳ್ಳುಳ್ಳಿ ಕಪ್ಪಾಗುತ್ತದೆ ಎಂದು ನಮ್ಮ ಸೀಮೆಯಲ್ಲಿ ಎಲ್ಲರೂ ನಂಬಿದ್ದರು. ತಾನೇ ಒಂದು ಅಣಬೆಯನ್ನು ಬೆಳ್ಳುಳ್ಳಿಯೊಂದಿಗೆ ಕುದಿಸಿದ. ಬೆಳ್ಳುಳ್ಳಿ ಬೆಳ್ಳಗೇ ಉಳಿಯಿತು. ನಿಜ ಹೇಳಲೇ? ನನ್ನ ಬಾಯಲ್ಲಿ ನೀರೂರಿತ್ತು, ನಾನು ಮಾವನ ಪಕ್ಷ.

"ಬಳ್ಳೊಳ್ಳಿಗೆ ಏನ್ ಗೊತ್ತಾಗ್ತೈತ್ರಿ?" ಎಂದು ಅಕ್ಕ ಕುದಿಸಿದ್ದನ್ನೂ ಉಳಿದ ಅಣಬೆಗಳನ್ನೂ ಹಿತ್ತಲಿಗೆ ಒಯ್ದು ಚೆಲ್ಲಿಬಿಟ್ಟಳು.

ಮಾವನ ಮುಖ ಊದಿಕೊಂಡಿತು. "ಸಣ್ಣ ಹುಡಿಗಿ ಮಾತಿಗೆ ಬೀಗರ ಮಾನ ಹೋತಲ್ಲಪಾ!" ಎಂದು ಚಪ್ಪಲಿ ಹುಡುಕತೊಡಗಿದ. ಮಗಳು ಹುಟ್ಟಿದ ಸುದ್ದಿ ತಂದವನು ಉಣ್ಣದೆ ಎದ್ದು ಹೋದರೆ ಹೇಗೆ? ಆದರೂ ಅಕ್ಕ ಒಲೆಯ ಮುಂದಿನಿಂದ ಕದಲಲಿಲ್ಲ. ಅಪ್ಪ ಇಬ್ಬರನ್ನೂ ನೋಡಿದ. ಆಮೇಲೆ ನಿಧಾನಕ್ಕೆ ಹೇಳಿದ, "ಒಲಿ ಆಕೀದು. ಆಕಿ ಒಲ್ಲೆ ಅಂದ್ರ ಅದು ಈ ಮನ್ಯಾಗ ಬೇಯಂಗಿಲ್ಲ. ಕುಂದರ್ರಿ, ರೊಟ್ಟಿ ತಿನ್ರಿ."

ಜೋಳದ ರೊಟ್ಟಿ, ಪುಂಡಿಪಲ್ಯ, ಮಗುವಿನ ಹೆಸರಲ್ಲಿ ಒಂದೊಂದು ಚೂರು ಬೆಲ್ಲ. ಮಾವ ತಲೆ ಎತ್ತದೆ ಉಂಡ.

ಈ ಗದ್ದಲದಲ್ಲಿ ಒಂದು ಅಣಬೆ ಅಪ್ಪ ತಲೆಯಿಂದ ಬಿಚ್ಚಿ ಹೊರಸಿನ ಮೇಲಿಟ್ಟ ಬಿಳಿ ರುಮಾಲಿನ ಮೇಲೆ ಬೋರಲಾಗಿ ಬಿದ್ದಿತ್ತು. ಸಂಜೆ ಎತ್ತಿ ನೋಡಿದರೆ ಅದರಡಿ ದುಂಡಗೆ ಹಸಿರು ಪುಡಿ! ನಮ್ಮ ಹುತ್ತದ ಅಣಬೆ ಅಂಥ ಬಣ್ಣ ಬಿಟ್ಟದ್ದೇ ಇಲ್ಲ. ಮಾವ ಬೆವರಿದ. "ಬಾಣಂತಿ ಮುಂದ ನಾ ಏನಂತ ಹೇಳತಿದ್ನೆ ಯವ್ವಾ!" ಎಂದು ಅಕ್ಕನ ತಲೆಯನ್ನು ಎದೆಗೆ ಒತ್ತಿಕೊಂಡ. ಆಗಲೇ ಅಕ್ಕ ಬಿಕ್ಕಿದ್ದು. ಆ ಜಾತಿ ತಿಂದರೆ ವಾಂತಿ ಭೇದಿಯಾಗಿ ಜೀವ ಹಣ್ಣಾಗುತ್ತದೆಂದೂ, ಬೆಳ್ಳುಳ್ಳಿಯ ಪರೀಕ್ಷೆ ಶುದ್ಧ ಸುಳ್ಳೆಂದೂ ನನಗೆ ತಿಳಿದದ್ದು ದೊಡ್ಡವನಾದ ಮೇಲೆ.

ಅವ್ವ ಬಂದು ಎಷ್ಟು ತಿಕ್ಕಿದರೂ ಕಲೆ ಪೂರ್ತಿ ಹೋಗಲಿಲ್ಲ. ಅಪ್ಪ ಅದನ್ನೇ ಮುಂದೆ ಕಾಣುವ ಹಾಗೆ ಸುತ್ತಿಕೊಂಡು ಕನಕಗಿರಿ ಸಂತೆಗೆ ಹೋಗುತ್ತಿದ್ದ. ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದ. "ನನ್ನ ಮಗಳು ಒತ್ತಿದ ಶಿಕ್ಕಾ ಐತ್ರಿ ಇದು, ಮುದ್ರಿ!"

ಈಗ ನೀವು, ಮೊಮ್ಮಕ್ಕಳು, ಕೊಪ್ಪಳದ ಪ್ಯಾಟಿಯಿಂದ ಬೆಳೆಸಿದ ಅಣಬೆಯ ಪಾಕೀಟು ತರುತ್ತೀರಿ, ತಾರೀಖು ನೋಡುತ್ತೀರಿ, ತೊಳೆದು ಹೆಚ್ಚಿ ಉಳ್ಳಾಗಡ್ಡಿಯೊಂದಿಗೆ ಚೆನ್ನಾಗಿ ಬೇಯಿಸಿ ಕಾಲು ಗಂಟೆಯಲ್ಲಿ ತಟ್ಟೆಗೆ ಹಾಕುತ್ತೀರಿ. "ಮೈಗೆ ಭಾಳ ಛಲೋ ಅಜ್ಜಾ, ಪ್ರೋಟೀನ್ ಐತಿ" ಎಂದು ನನಗೇ ಪಾಠ ಹೇಳುತ್ತೀರಿ. ಹೇಳಿ, ಹೇಳಿ, ನಾನೂ ಎರಡು ರೊಟ್ಟಿ ಜಾಸ್ತಿ ತಿನ್ನುತ್ತೇನೆ.

ಆದರೆ ಮೊನ್ನೆ ಮಳೆ ನಿಂತ ಮೇಲೆ ಸಣ್ಣ ಮೊಮ್ಮಗಳು ಓಡಿ ಬಂದು, "ಅಜ್ಜಾ, ಸಾಲಿ ಹಿಂದ ಬಿಳಿ ಅಣಬಿ ಎದ್ದಾವ. ಗುರ್ತಿಲ್ಲ, ನಾವ್ಯಾರೂ ಮುಟ್ಟಿಲ್ಲ" ಎಂದಳಲ್ಲ, ಅದನ್ನು ಅವತ್ತೇ ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

"ಅಪ್ಪನ ರುಮಾಲ ನಿನ್ನ ಕಡೆನ ಐತಲ್ಲ? ಆ ಹುಡುಗಿಗೆ ಕೊಡು" ಎಂದಳು.