ನಾನು ಅಳಿಸಿದ ಗೋಡೆ

ಅಳಿಸಿದ ದಿನ ಭಾನುವಾರ ಎಂದು ಮೊದಲು ಬರೆದಿದ್ದೆ. ಹೊರಗೆ ಮಳೆ ಬರುತ್ತಿತ್ತು ಎಂದೂ ಬರೆದಿದ್ದೆ. ಎರಡನ್ನೂ ಹೊಡೆದುಹಾಕಿದ್ದೇನೆ. ವಾರ ನನಗೆ ನೆನಪಿಲ್ಲ. ಮಳೆಯಂತೂ ನಾನು ಆಮೇಲೆ ಸೇರಿಸಿದ್ದು. ಒದ್ದೆ ಗೋಡೆಯ ವಿಷಯ ಬರೆಯುವಾಗ ಮಳೆಯೊಂದಿದ್ದರೆ ಚೆನ್ನ ಎಂದು ತಲೆ ತಾನಾಗಿಯೇ ಸುರಿಸಿಕೊಂಡ ಮಳೆ ಅದು. ಖಚಿತವಾಗಿ ಹೇಳಬಹುದಾದದ್ದು ಇಷ್ಟೇ: ದೆಹಲಿಯ ಜನಕಪುರಿಯ ನನ್ನ ಮನೆ, ಮಧ್ಯಾಹ್ನದ ಹೊತ್ತು, ಕಾಲೇಜಿಗೆ ಪರೀಕ್ಷೆಯ ರಜೆ, ನನಗೆ ಕೆಟ್ಟ ಸಿಟ್ಟು.

ಸಿಟ್ಟಿಗೆ ಕಾರಣ ನನ್ನ ಮೇಲ್ ನಿಂತುಹೋಗಿದ್ದು. ಲೇಖನವೊಂದರ ಕರಡಚ್ಚು ಕಳಿಸಬೇಕಾಗಿದ್ದ ಸಂಪಾದಕರು ಫೋನ್ ಮಾಡಿ, ಮೂರು ಸಲ ಕಳಿಸಿದೆ, ಮೂರು ಸಲವೂ ವಾಪಸ್ ಬಂತು, ನಿಮಗೆ ಆಸಕ್ತಿ ಇದೆಯೋ ಇಲ್ಲವೋ ಎಂದು ಕೇಳಿದರು. ನೋಡಿದರೆ ನನ್ನ ಕ್ಲೌಡ್ ಖಾತೆ ತುಂಬಿಹೋಗಿತ್ತು. ವಾರಗಳಿಂದ ಕೆಂಪು ಗೆರೆಯೊಂದು ಎಚ್ಚರಿಸುತ್ತಿತ್ತು, ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಿಂಗಳಿಗೆ ಇಷ್ಟು ಕೊಟ್ಟರೆ ಇನ್ನಷ್ಟು ಜಾಗ ಕೊಡುತ್ತೇವೆ ಎಂಬ ಗುಂಡಿ ಅದರ ಕೆಳಗೇ ಇತ್ತು. ಒತ್ತಿದ್ದರೆ ಮುಗಿಯುತ್ತಿತ್ತು. ನನ್ನದೇ ಕಸಕ್ಕೆ ನಾನೇ ಬಾಡಿಗೆ ಕಟ್ಟಬೇಕೇ ಎಂಬ ಹಟಕ್ಕೆ ಬಿದ್ದು ನಾನು ಅಳಿಸಲು ಕುಳಿತೆ.

ಒಳಗೆ ಹೋದ ತಕ್ಷಣ ಅದು ನನಗೆ ನೆನಪುಗಳನ್ನು ತೋರಿಸಿತು. ಐದು ವರ್ಷಗಳ ಹಿಂದೆ ಇದೇ ದಿನ, ಎಂದು ಶೀರ್ಷಿಕೆ. ಹಿನ್ನೆಲೆಯಲ್ಲಿ ಪಿಯಾನೊ. ಒಂದಾದ ಮೇಲೊಂದು ತೇಲಿ ಬಂದವು: ಕರೋಲ್ ಬಾಗಿನ ಹೋಟೆಲಿನಲ್ಲಿ ಅರ್ಧ ತಿಂದಿಟ್ಟ ಛೋಲೆ ತಟ್ಟೆ, ನನ್ನ ದವಡೆಹಲ್ಲಿನ ಎಕ್ಸ್‌ರೇ, ಯಾರದೋ ಆಧಾರ್ ಕಾರ್ಡಿನ ಹಿಂಬದಿ, ಮತ್ತೆ ಅದೇ ಹಲ್ಲು. ಆ ಹಲ್ಲು ನೋಯುತ್ತಿದ್ದಾಗ ಪಿಯಾನೊ ಇರಲಿಲ್ಲ. ಯಂತ್ರವೊಂದು ನನ್ನ ಬದುಕನ್ನು ಹೀಗೆ ಬಾಚಿ, ಹೂ ಮುಡಿಸಿ, ಮೆರವಣಿಗೆ ಹೊರಡಿಸಿದ್ದನ್ನು ನೋಡಿ ಮೈ ಉರಿಯಿತು. ಎಲ್ಲವನ್ನೂ ಕಿತ್ತು ಬಿಸಾಡಬೇಕು ಎನ್ನಿಸಿತು.

ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನದಾಗಿರಲಿಲ್ಲ. ಅಕ್ಕನದಾಗಿತ್ತು.

ಅಕ್ಕ ಘಾಜಿಯಾಬಾದಿನ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಮಗಳ ಜೊತೆ ಇದ್ದಾಳೆ. ಭಾವ ಸೇನೆಯಲ್ಲಿದ್ದಾರೆ. ಈಗಿನ ಪೋಸ್ಟಿಂಗಿನಲ್ಲಿ ಅವರು ಸ್ಮಾರ್ಟ್‌ಫೋನ್ ಇಟ್ಟುಕೊಳ್ಳುವಂತಿಲ್ಲ, ವಾರಕ್ಕೊಮ್ಮೆ ಎರಡು ನಿಮಿಷ ಮಾತು. ಅಕ್ಕನಿಗೆ ಫೋನ್ ಕೊಡಿಸಿದ್ದು ನಾನು. ಅಂಗಡಿಯವನು ಇಮೇಲ್ ಕೇಳಿದ, ಅವಳಿಗೆ ಇರಲಿಲ್ಲ, ಹೊಸದು ಮಾಡಿಕೊಡುವಷ್ಟು ತಾಳ್ಮೆ ನನಗೆ ಇರಲಿಲ್ಲ. ನನ್ನದನ್ನೇ ಹಾಕಿಕೊಟ್ಟೆ. ಅಂದಿನಿಂದ ಅವಳು ತೆಗೆದ ಪ್ರತಿ ಫೋಟೋ ನನ್ನ ಖಾತೆಗೆ ಬಂದು ಬೀಳುತ್ತಿತ್ತು. ನಾನು ಅಳಿಸುವುದಕ್ಕೆ ಸ್ವಲ್ಪ ದಿನ ಮೊದಲು ಒಮ್ಮೆ ಹೋದಾಗ ಅವಳು ಫೋನ್ ನಿಧಾನ ಎಂದಳು. ಜಾಗ ಖಾಲಿ ಮಾಡಿ ಎಂಬ ಗುಂಡಿ ಒತ್ತಿದೆ. ಫೋನಿನಲ್ಲಿದ್ದ ಪ್ರತಿಗಳು ಹೋದವು, ಕ್ಲೌಡಿನಲ್ಲಿದ್ದವು ಮಾತ್ರ ಉಳಿದವು. ಫೋನ್ ಚುರುಕಾಯಿತು. ಅಕ್ಕ ಚಹಾ ಮಾಡಿ ಕೊಟ್ಟಳು. ನಾನು ಉಪಕಾರ ಮಾಡಿದವನ ಹಾಗೆ ಕುಡಿದೆ.

ಅವಳ ಫೋಟೋಗಳಲ್ಲಿ ಬಹುಪಾಲು ಶುಭೋದಯದ ಗುಲಾಬಿಗಳು, ಹಾಲಿನ ಭಯ್ಯಾನ ಚೀಟಿ, ಬೆರಳು ಅಡ್ಡ ಬಂದ ಚಿತ್ರಗಳು. ಅವುಗಳ ನಡುವೆ ಗೋಡೆ. ಬಿಳಿಯ, ಮಬ್ಬಾದ, ಆ ಚಿಕ್ಕ ಚೌಕದಲ್ಲಿ ಏನೂ ಕಾಣದ ಗೋಡೆ. ಕೆಲವೊಂದರಲ್ಲಿ ಸ್ಟೀಲ್ ಸ್ಕೇಲೊಂದನ್ನು ಗೋಡೆಗೆ ಹಿಡಿದ ಕೈ. ಒಂದಲ್ಲ ಎರಡಲ್ಲ, ಗೋಡೆ, ಗೋಡೆ, ಗೋಡೆ. ಫೋನ್ ಜೇಬಿನಲ್ಲೇ ಒತ್ತಿಹೋಗಿ ತೆಗೆದುಕೊಂಡದ್ದಿರಬೇಕು ಎಂದುಕೊಂಡೆನೇ? ಸ್ಕೇಲ್ ಹಿಡಿದ ಕೈ ಜೇಬಿನಲ್ಲಿ ಇರುವುದಿಲ್ಲ. ಅಂದರೆ ಅದನ್ನೂ ನಾನು ಅಂದುಕೊಂಡಿರಲಿಲ್ಲ, ಈಗ ನೆಪಕ್ಕೆ ಹುಟ್ಟಿಸುತ್ತಿದ್ದೇನೆ. ನಾನು ಏನನ್ನೂ ಅಂದುಕೊಳ್ಳಲಿಲ್ಲ. ಬೆರಳನ್ನು ಪರದೆಯ ಮೇಲೆ ಎಳೆಯುತ್ತಾ ಹೋದೆ, ಚೌಕಗಳ ಮೂಲೆಯಲ್ಲಿ ನೀಲಿ ಗುರುತು ಬೀಳುತ್ತಾ ಹೋಯಿತು.

ಅಳಿಸಿದರೂ ಜಾಗ ಖಾಲಿಯಾಗಲಿಲ್ಲ. ಅಳಿಸಿದ್ದೆಲ್ಲ ಕೆಲವು ವಾರ ಕಸದ ಬುಟ್ಟಿಯಲ್ಲಿ ಉಳಿಯುತ್ತದಂತೆ. ಬುಟ್ಟಿ ಖಾಲಿ ಮಾಡಲು ಹೋದರೆ ಇವು ಮತ್ತೆ ಸಿಗುವುದಿಲ್ಲ, ಖಚಿತವೇ ಎಂದು ಕೇಳಿತು. ಅಷ್ಟು ಹೊತ್ತು ನನ್ನನ್ನು ಪಿಯಾನೊ ಕೇಳಿಸಿ ಕಾಡಿದ ವಸ್ತು ಈಗ ವಿನಯದಿಂದ ಕೇಳುತ್ತಿತ್ತು. ಖಚಿತ ಎಂದೆ. ಕೆಂಪು ಗೆರೆ ಹಸಿರಾಯಿತು. ಸಂಪಾದಕರ ಮೇಲ್ ಬಂತು. ಆ ಲೇಖನದಲ್ಲಿ ನಾನು ತಿದ್ದಬೇಕಾಗಿದ್ದುದು ಎರಡು ಅಲ್ಪವಿರಾಮ.

ಎರಡು ತಿಂಗಳಾದ ಮೇಲೆ ಅಕ್ಕ ಫೋನ್ ಮಾಡಿದಳು. ದನಿಯಲ್ಲಿ ಗೆದ್ದವಳ ಉತ್ಸಾಹವಿತ್ತು, ಅದು ಮಾತ್ರ ನನ್ನ ಕಿವಿಯಲ್ಲಿ ಹಾಗೇ ಉಳಿದಿದೆ.

"ಆ ಗೋಡೆ ಫೋಟೋ ಎಲ್ಲ ಇದೆಯಲ್ಲ ನಿನ್ನ ಹತ್ತಿರ, ಅದನ್ನ ತಗೊಂಡು ಭಾನುವಾರ ಬಾ. ಸೊಸೈಟಿ ಕಮಿಟಿ ಮುಂದೆ ಹೇಳಿಬಿಟ್ಟಿದ್ದೀನಿ, ನನ್ನ ತಮ್ಮನ ಹತ್ತಿರ ಪ್ರತಿ ತಿಂಗಳದ್ದೂ ಇದೆ ಅಂತ."

ಯಾವ ಗೋಡೆ ಎಂದು ನಾನು ಕೇಳಿದೆ. ಅವಳು ನಕ್ಕಳು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು.

ಆಮೇಲೆ ಅವಳು ಹೇಳಿದ್ದು ಹೀಗೆ. ಅವಳ ಮಲಗುವ ಕೋಣೆಗೆ ಮೇಲಿನ ಮನೆಯ ಬಚ್ಚಲಿನಿಂದ ಮೂರು ವರ್ಷಗಳಿಂದ ನೀರು ಇಳಿಯುತ್ತಿದೆ. ಬೂಸಲು ಹಿಡಿದು ಅವಳಿಗೆ ಉಬ್ಬಸ ಶುರುವಾಗಿದೆ, ತಾಯಿ ಮಗಳಿಬ್ಬರೂ ನಡುಮನೆಯಲ್ಲಿ ಮಲಗುತ್ತಾರೆ. ಮೇಲೆ ಆಗ ಬಾಡಿಗೆಯವರಿದ್ದರು, ಮಾಡಿಸುತ್ತೇವೆ ಎನ್ನುತ್ತಲೇ ಖಾಲಿ ಮಾಡಿ ಹೋದರು. ಈಗ ಮಾಲೀಕನೇ ಬಂದು ಕುಳಿತಿದ್ದಾನೆ. ಹೋದ ವರ್ಷ ಅಕ್ಕ ತನ್ನ ಮನೆಯ ಪೈಪು ಬದಲಾಯಿಸಿದ್ದಳು, ಸೋರಿಕೆ ಅದರಿಂದಲೇ, ಅದಕ್ಕೆ ಮೊದಲು ಗೋಡೆ ಒಣಗಿಯೇ ಇತ್ತು ಎಂದು ಅವನ ವಾದ. ಮೊದಲೇ ಇತ್ತು ಎಂಬುದಕ್ಕೆ ತಾರೀಖಿರುವ ಏನಾದರೂ ತೋರಿಸಿ, ಮೇಲಿನ ಬಚ್ಚಲು ಅಗೆಸುತ್ತೇವೆ ಎಂದು ಕಮಿಟಿ ಹೇಳಿತ್ತು.

ಸೇನೆಯ ಕ್ವಾರ್ಟರ್ಸುಗಳಲ್ಲಿ ಇಪ್ಪತ್ತು ವರ್ಷ ಬಾಳಿದವಳು ಅಕ್ಕ. ಅಲ್ಲಿ ಮನೆಗೆ ಬರುವಾಗ ಒಂದು ಪಟ್ಟಿ, ಬಿಡುವಾಗ ಒಂದು ಪಟ್ಟಿ. ಎಷ್ಟು ಬಲ್ಬು, ಎಷ್ಟು ನಲ್ಲಿ, ಯಾವ ಗಾಜಿಗೆ ಬಿರುಕು, ಯಾವ ಗೋಡೆಗೆ ಎಷ್ಟು ಮೊಳೆ. ಪಟ್ಟಿಯಲ್ಲಿ ಇಲ್ಲದ ಬಿರುಕು ನಿಮ್ಮದೇ ಬಿರುಕು. ಆ ಅಭ್ಯಾಸ ಅವಳ ಕೈಬಿಟ್ಟಿರಲಿಲ್ಲ. ಪ್ರತಿ ತಿಂಗಳ ಒಂದನೇ ತಾರೀಖು, ಮಗಳ ಶಾಲೆಯ ಕಾಲದ ಸ್ಕೇಲನ್ನು ಕಲೆಯ ಅಂಚಿಗೆ ಹಿಡಿದು ನಾಲ್ಕು ಮೂಲೆಯಿಂದ ನಾಲ್ಕು ಫೋಟೋ. ಮೂರು ವರ್ಷ. ಒಂದು ತಿಂಗಳೂ ತಪ್ಪಿಸಿರಲಿಲ್ಲ.

ನಾನು ಅಳಿಸಿದ್ದೇನೆ ಎಂದು ಫೋನಿನಲ್ಲಿ ಹೇಳಲಿಲ್ಲ. ನೋಡುತ್ತೇನೆ ಎಂದೆ. ಎರಡು ದಿನ ಎಲ್ಲ ಕಡೆ ಹುಡುಕಿದೆ. ಹಳೆಯ ಲ್ಯಾಪ್‌ಟಾಪ್, ಪೆನ್ ಡ್ರೈವ್, ಯಾರಿಗಾದರೂ ಫಾರ್ವರ್ಡ್ ಮಾಡಿದ್ದೆನೇ ಎಂದು ವಾಟ್ಸಾಪ್. ಕಂಪನಿಯ ಸಹಾಯದ ಪುಟಕ್ಕೆ ಬರೆದೆ. ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಎಂದು ಕ್ಷಣಮಾತ್ರದಲ್ಲಿ ಉತ್ತರ ಬಂತು. ಅಷ್ಟು ಬೇಗ ಯಾರಿಗೂ ಯಾರ ತೊಂದರೆಯೂ ಅರ್ಥವಾಗುವುದಿಲ್ಲ. ಕೀಬೋರ್ಡನ್ನು ಮೇಜಿಗೆ ಕುಟ್ಟಿದೆ, ಒಂದು ಕೀಲಿ ಹಾರಿ ಬಿತ್ತು. ನನ್ನ ಹಲ್ಲಿನ ಎಕ್ಸ್‌ರೇ ಮಾತ್ರ ಖಾತೆಯಲ್ಲಿ ಸುರಕ್ಷಿತವಾಗಿತ್ತು.

ಕೊನೆಗೆ ಶನಿವಾರ ಮೆಟ್ರೊ ಹಿಡಿದು ಹೋಗಿ, ಬರಿಗೈಯಲ್ಲಿ ಅಕ್ಕನ ಎದುರು ಕುಳಿತು ಹೇಳಿದೆ. ಮೊದಲು ಅರ್ಥವಾದದ್ದು ಅವಳ ಮಗಳಿಗೆ. ಅವಳು ಹುಟ್ಟಿ ಬೆಳೆದದ್ದು ಉತ್ತರದ ಈ ಕಡೆಯೇ, ಕಾಲೇಜಿನ ಎರಡನೇ ವರ್ಷ.

"ಮಾಮ, ಟ್ರ್ಯಾಶ್ ಭೀ ಖಾಲಿ ಕರ್ ದಿಯಾ?" ಎಂದಳು, ಕಸದ ಬುಟ್ಟಿಯನ್ನೂ ಖಾಲಿ ಮಾಡಿದಿರಾ ಎಂದು. ಹೌದು ಎಂದೆ. "ಅಚ್ಛಾ. ಎಮ್.ಎ. ಮಕ್ಕಳಿಗೆ ಪಾಠ ಮಾಡ್ತೀರಾ ಅಲ್ವಾ ನೀವು?"

ಅಕ್ಕ ಅವಳನ್ನು ಗದರಿಸಲಿಲ್ಲ. ನನಗೆ ಸಿಟ್ಟು ಬಂತು, ಮತ್ತೆ. ಸಿಟ್ಟು ಅಕ್ಕನ ಮೇಲೆಯೇ ತಿರುಗಿತು. ಮೂರು ವರ್ಷ ಸೋರಿದರೆ ಒಂದು ಮಾತು ಹೇಳಬಾರದಿತ್ತೇ, ಇಲ್ಲಿಗೆ ಎಷ್ಟು ಸಲ ಬಂದಿಲ್ಲ ನಾನು, ಆ ಕೋಣೆಯ ಬಾಗಿಲು ಮುಚ್ಚಿಯೇ ಇಟ್ಟಿದ್ದೆಯಲ್ಲ, ಎಂದು ಜೋರಾಗಿಯೇ ಕೇಳಿದೆ.

"ಬಂದಾಗ ಕೇಳಿದ್ದೀಯ ಒಂದು ದಿನವಾದರೂ, ಯಾಕೆ ಮುಚ್ಚಿದೆ ಅಂತ?" ಎಂದಳು ಅಕ್ಕ. "ಫೋಟೋ ಎಲ್ಲ ನಿನಗೇ ಬರತ್ತೆ ಅಂತ ನೀನೇ ಹೇಳಿದ್ದೆ. ನೋಡ್ತಾ ಇದ್ದೀಯ ಅಂದ್ಕೊಂಡಿದ್ದೆ ಕಣೋ. ಇಷ್ಟು ದಿನ. ಅವನಿಗೆ ಎಲ್ಲ ಗೊತ್ತು, ಸುಮ್ಮನೆ ಯಾಕೆ ಹೇಳಿ ಬೇಜಾರು ಮಾಡೋದು ಅಂತ" ಎಂದಳು.

ಗೋಡೆಯಷ್ಟೇ ಅಲ್ಲ. ಮಗಳ ರಿಸಲ್ಟು, ಭಾವ ರಜೆಗೆ ಬಂದ ದಿನದ ಊಟ, ತನ್ನ ಕಾಲಿನ ಊತ, ಹೊಸ ಪರದೆ, ಹೀಗೆ ಏಳು ವರ್ಷ ಅವಳು ಯಾವುದನ್ನು ತೆಗೆದರೂ ನನಗೆ ತೋರಿಸುತ್ತಿದ್ದೇನೆ ಎಂದುಕೊಂಡೇ ತೆಗೆದಿದ್ದಳು. ನಾನು ಫೋನ್ ಮಾಡಿದಾಗೆಲ್ಲ ಅವಳ ಮಾತು ಚುಟುಕಾಗಿರುತ್ತಿತ್ತು, ಅಕ್ಕ ಇತ್ತೀಚೆಗೆ ಮಾತು ಕಡಿಮೆ ಮಾಡಿದ್ದಾಳೆ ಎಂದು ನಾನು ಹೆಂಡತಿಯ ಬಳಿ ದೂರಿದ್ದೆ.

ಮರುದಿನ ಗೇಟಿನ ಪಕ್ಕದ ಆಫೀಸಿನಲ್ಲಿ ಕಮಿಟಿ ಸೇರಿತು. ಫೋಟೋ ಇಲ್ಲ ಎಂದು ತಿಳಿದಾಗ ಮೇಲಿನ ಮನೆಯ ಮಾಲೀಕ ಬೆನ್ನು ಒರಗಿಸಿ ಕುಳಿತ. ಡಿಲೀಟ್ ಆಯಿತಂತೆ, ಎಷ್ಟು ಅನುಕೂಲ ನೋಡಿ ಎಂದು ಹಿಂದಿಯಲ್ಲಿ ಪಕ್ಕದವರಿಗೆ ಹೇಳಿದ. ಅಧ್ಯಕ್ಷರು ವಯಸ್ಸಾದವರು, ಅಕ್ಕನಿಗೆ ಒಳ್ಳೆಯದಾಗಲಿ ಎಂದು ಅವರಿಗಿತ್ತು, ಅದು ಎಲ್ಲರಿಗೂ ಕಾಣುತ್ತಿತ್ತು. ನನ್ನ ಕಡೆ ತಿರುಗಿದರು. ಫೋಟೋ ಹೋಗಲಿ, ಈ ಮನೆಯಲ್ಲಿ ಇರದ ನೀವು ಅವನ್ನು ನೋಡಿದ್ದೀರಿ, ಪೈಪು ಬದಲಾಯಿಸುವ ಮೊದಲೇ ಕಲೆ ಇತ್ತು ಎಂದು ನೀವು ಬರೆದುಕೊಟ್ಟರೆ ನನಗೆ ಸಾಕು ಎಂದರು. "ಆಪ್ ನೇ ದೇಖಾ ಥಾ ನ, ಭಾಯಿಸಾಹಬ್?"

ನೋಡಿದ್ದಿರಿ ಅಲ್ಲವೇ. ಆ ಕ್ಷಣದಲ್ಲಿ ನನಗೆ ಕಲೆ ಕಾಣಿಸಿತು. ಚಾವಣಿಯ ಮೂಲೆಯಿಂದ ಇಳಿದ, ಅಂಚು ಕಂದಾಗಿದ್ದ, ಸ್ಕೇಲಿನ ಹದಿನೈದನೇ ಗೆರೆಗೆ ಮುಟ್ಟಿದ್ದ ಕಲೆ. ಎಷ್ಟು ಸ್ಪಷ್ಟವಾಗಿತ್ತೆಂದರೆ ನಾಲ್ಕು ಮೂಲೆಯಿಂದ ಬಣ್ಣಿಸಬಲ್ಲವನಾಗಿದ್ದೆ. ಅಷ್ಟು ಸ್ಪಷ್ಟವಾಗಿದ್ದುದರಿಂದಲೇ ಅದು ಸುಳ್ಳು ಎಂದು ಗೊತ್ತಾಯಿತು. ಹಿಂದಿನ ಸಂಜೆ ಅಕ್ಕ ಬಾಯಲ್ಲಿ ಹೇಳಿದ್ದನ್ನು ನನ್ನ ತಲೆ ರಾತ್ರಿ ಬೆಳಗಾಗುವುದರೊಳಗೆ ಕಂಡದ್ದಾಗಿ ಮಾಡಿಕೊಂಡಿತ್ತು. ಯಂತ್ರ ಪಿಯಾನೊ ಹಾಕಿ ಮಾಡುತ್ತಿದ್ದ ಕೆಲಸವನ್ನು ಇದು ಪಿಯಾನೊ ಇಲ್ಲದೆ ಮಾಡಿತ್ತು, ಅಷ್ಟೇ.

ಒಂದು ಹೌದು ಎಂದಿದ್ದರೆ ಅಕ್ಕನ ಕೋಣೆ ಅಕ್ಕನಿಗೆ ಸಿಗುತ್ತಿತ್ತು. ಅದೂ ನಿಜವಾದ ಸಂಗತಿಗೆ ಹೇಳಿದ ಹೌದು. ಹೇಳಲಿಲ್ಲ. ಫೋಟೋಗಳು ಇದ್ದವು, ಗೋಡೆಯವೇ, ಸ್ಕೇಲ್ ಹಿಡಿದದ್ದು ನಿಜ, ಆದರೆ ನಾನು ನೋಡದೆ ಅಳಿಸಿದೆ, ಕಲೆ ಇತ್ತೋ ಇಲ್ಲವೋ ಹೇಳಲಾರೆ ಎಂದೆ. ಇದನ್ನು ಪ್ರಾಮಾಣಿಕತೆ ಎಂದು ಯಾರೂ ಓದಬಾರದು. ಮೂರು ವರ್ಷ ನೋಡದೆ ಇದ್ದವನಿಗೆ ಒಂದು ನಿಮಿಷ ಸತ್ಯವಂತನಾಗಿ ನಿಲ್ಲುವುದು ಬಹಳ ಸುಲಭ. ಅಧ್ಯಕ್ಷರು ಕನ್ನಡಕ ತೆಗೆದಿಟ್ಟರು. ಮುಂದಿನ ಮಳೆಗಾಲ ನೋಡೋಣ, ಆಮೇಲೆ ತೀರ್ಮಾನ ಎಂದು ಬರೆಸಿದರು. ಚಲೋ, ಹೊರಡೋಣ ಎಂದು ಮೇಲಿನ ಮನೆಯವನು ಎದ್ದ.

ಮನೆಗೆ ಬಂದು ಅಕ್ಕ ಬಾಗಿಲ ಬೀಗ ತೆಗೆಯುವಾಗ, ನನ್ನ ಕಡೆ ತಿರುಗದೆ ಹೇಳಿದಳು.

"ಸುಳ್ಳು ಹೇಳು ಅಂತ ನಾನು ಹೇಳಲಿಲ್ಲ. ಒಂದು ಸಲ ನೋಡಿದ್ದಿದ್ದರೆ ಸಾಕಾಗಿತ್ತು."

ಒಳಗೆ ಹೋದವಳೇ ಫೋನನ್ನು ಮಗಳ ಕೈಗೆ ಕೊಟ್ಟು, ನನ್ನ ಹೆಸರಲ್ಲೇ ಒಂದು ಖಾತೆ ಮಾಡಿಕೊಡು, ಇವನದು ತೆಗೆದುಹಾಕು ಎಂದಳು. ಹುಡುಗಿ ನನ್ನ ಎದುರೇ ಕುಳಿತು ಮಾಡಿದಳು. ಖಾತೆಯನ್ನು ತೆಗೆಯಬೇಕೇ ಎಂದು ಅದು ಕೇಳಿರಬೇಕು, ಅವಳ ಹೆಬ್ಬೆರಳು ಒಂದು ಗಳಿಗೆಯೂ ನಿಲ್ಲಲಿಲ್ಲ. ಐದು ನಿಮಿಷದ ಕೆಲಸ. ಏಳು ವರ್ಷದ ಹಿಂದೆ ಅಂಗಡಿಯಲ್ಲಿ ನನ್ನ ಹತ್ತಿರ ಇಲ್ಲದೆ ಹೋದದ್ದು ಆ ಐದು ನಿಮಿಷ.

ಹೊಸ ಖಾತೆಯ ಪಾಸ್‌ವರ್ಡ್ ಎಲ್ಲಾದರೂ ಬರೆದಿಟ್ಟುಕೋ ಎಂದೆ. ಇನ್ನು ಮುಂದೆ ತೆಗೆದದ್ದನ್ನು ನನಗೂ ಕಳಿಸುತ್ತಿರು, ಒಂದು ಪ್ರತಿ ನನ್ನ ಹತ್ತಿರವೂ ಇರಲಿ ಎಂದೆ. ದನಿಯಲ್ಲಿ ಇನ್ನೂ ಸಿಟ್ಟು ಇತ್ತು, ಕೇಳಿಕೊಳ್ಳುವಾಗಲೂ.

"ನಿನ್ನ ಹತ್ತಿರ ಇದ್ದಾಗ ಮಾತ್ರ ಅವು ಎಲ್ಲಿದ್ದವು?" ಎಂದಳು ಅಕ್ಕ.